ಬೆಳಕಿನಿಂದ ಆರಂಭಿಸಿ: ಸೂಕ್ಷ್ಮದರ್ಶಕದ ಭಾಗಗಳು, ಬಗೆಗಳು ಮತ್ತು ಬಳಸುವ ಕ್ರಮ

ಧಾರವಾಡದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಹಲವು ವರ್ಷ ವಿದ್ಯಾರ್ಥಿಗಳ ಬೆನ್ನ ಹಿಂದೆ ನಿಂತ ನನಗೆ, ಹೊಸ ತಂಡ ಬಂದಾಗಲೆಲ್ಲ ಕೇಳಿಬರುತ್ತಿದ್ದ ಮಾತು ಒಂದೇ: ‘ಸರ್, ಬೆಳ್ಳಗ ಗುಂಡಗ ಕಾಣಾಕತ್ತೈತ್ರಿ, ಬ್ಯಾರೆ ಏನೂ ಇಲ್ರಿ.’ ಸ್ಲೈಡಿನ, ಅಂದರೆ ನೋಡುವ ವಸ್ತುವನ್ನಿಡುವ ಗಾಜಿನ ಪಟ್ಟಿಯ ಮೇಲೆ ಉಳ್ಳಾಗಡ್ಡಿಯ ಪೊರೆ ಇರುತ್ತದೆ, ಮಸೂರಗಳು ಶುಭ್ರವಾಗಿರುತ್ತವೆ, ಫೋಕಸ್ ಕೂಡ ಹೆಚ್ಚುಕಡಿಮೆ ಹತ್ತಿರ ಬಂದಿರುತ್ತದೆ. ಆದರೆ ಕೆಳಗೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಂ ಪೂರ್ತಿ ತೆರೆದುಕೊಂಡು, ದೀಪವೂ ಪೂರ್ತಿ ಉರಿಯುತ್ತಿರುವುದರಿಂದ, ಮೊದಲೇ ಗಾಜಿನಂತೆ ಪಾರದರ್ಶಕವಾಗಿರುವ ಜೀವಕೋಶಗಳು ಆ ಬೆಳಕಿನಲ್ಲಿ ಕಾಣೆಯಾಗಿರುತ್ತವೆ. ಡಯಾಫ್ರಮಿನ ಸನ್ನೆಯನ್ನು ಬೆರಳತುದಿಯಿಂದ ಸ್ವಲ್ಪ ಸರಿಸಿದೊಡನೆ ಇಟ್ಟಿಗೆ ಗೋಡೆಯಂತೆ ಜೋಡಿಸಿದ ಕೋಶಗಳು ಎದ್ದು ಬರುತ್ತವೆ. ಸೂಕ್ಷ್ಮದರ್ಶಕವೆಂದರೆ ಮಸೂರಗಳ ಉಪಕರಣವೆಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಬಳಸುವವನ ಮಟ್ಟಿಗೆ ಅದು ಬೆಳಕಿನ ಉಪಕರಣ. ಆದ್ದರಿಂದ ಇಲ್ಲಿ ಭಾಗಗಳನ್ನು ಬೆಳಕು ಸಾಗುವ ದಾರಿಯಲ್ಲಿಯೇ, ಅಂದರೆ ಕೆಳಗಿನಿಂದ ಮೇಲಕ್ಕೆ ವಿವರಿಸಿದ್ದೇನೆ.

ಕೆಳಗಿನಿಂದ ಮೇಲಕ್ಕೆ

ಪೀಠದಲ್ಲಿ ದೀಪ ಇರುತ್ತದೆ. ಈಗಿನ ಉಪಕರಣಗಳಲ್ಲಿ ಅದು ಎಲ್‌ಇಡಿ. ಹಳೆಯವುಗಳಲ್ಲಿ ಹ್ಯಾಲೊಜನ್ ಬಲ್ಬು. ಹಳೆಯ ಪ್ರೌಢಶಾಲೆಗಳ ಕಪಾಟುಗಳಲ್ಲಿ ಸಿಗುವವುಗಳಲ್ಲಿ ಬರಿಯ ಕನ್ನಡಿ. ಈ ಕನ್ನಡಿಗೆ ಎರಡು ಮುಖಗಳು: ಒಂದು ಸಮತಲ, ಇನ್ನೊಂದು ನಿಮ್ನ. ಉಪಕರಣದಲ್ಲಿ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಇದ್ದರೆ ಸಮತಲ ಮುಖವನ್ನೂ, ಇಲ್ಲದಿದ್ದರೆ ಬೆಳಕನ್ನು ತಾನೇ ಒಟ್ಟುಗೂಡಿಸುವ ನಿಮ್ನ ಮುಖವನ್ನೂ ಬಳಸಬೇಕು. ಕನ್ನಡಿಯನ್ನು ಉತ್ತರದ ಕಿಟಕಿಯಿಂದ ಕಾಣುವ ಆಕಾಶದ ಕಡೆಗೆ ತಿರುಗಿಸುವುದು ಒಳ್ಳೆಯದು. ನೇರ ಬಿಸಿಲಿಗೆ ತಿರುಗಿಸಿ ಐಪೀಸಿನಲ್ಲಿ, ಅಂದರೆ ಮೇಲ್ತುದಿಯ ಮಸೂರದಲ್ಲಿ, ಕಣ್ಣಿಟ್ಟರೆ ದೃಷ್ಟಿಪಟಲ ಸುಡುತ್ತದೆ. ಮಕ್ಕಳ ಕೈಗೆ ಉಪಕರಣ ಕೊಡುವ ಮೊದಲು ಹೇಳಲೇಬೇಕಾದ ಮಾತು ಇದು.

ಸ್ಲೈಡನ್ನಿಡುವ ಹಲಗೆಯಾದ ಸ್ಟೇಜಿನ ಕೆಳಗೆ ತೂಗಿಕೊಂಡಿರುವ ಮಸೂರಗಳ ಗುಚ್ಛವೇ ಕಂಡೆನ್ಸರ್. ದೀಪದ ಬೆಳಕನ್ನು ಶಂಕುವಿನ ಆಕಾರದಲ್ಲಿ ಒಟ್ಟುಗೂಡಿಸಿ ನೋಡುವ ವಸ್ತುವಿನ ಮೇಲೆ ಬಿಡುವುದು ಅದರ ಕೆಲಸ. ಅದನ್ನು ಮೇಲೆ ಕೆಳಗೆ ಸರಿಸಲು ಬದಿಯಲ್ಲಿ ಒಂದು ತಿರುಪು ಇರುತ್ತದೆ. ಕಂಡೆನ್ಸರಿನ ಒಳಗೆ, ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುವ ಐರಿಸ್ ಡಯಾಫ್ರಂ ಇದೆ. ನಾನು ಕಂಡಿರುವ ತಪ್ಪುಗಳಲ್ಲಿ ದೊಡ್ಡದು ಈ ಡಯಾಫ್ರಮನ್ನು ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿಯೆಂದು ತಿಳಿಯುವುದು. ಬೆಳಕಿನ ಪ್ರಖರತೆಗೆ ದೀಪದ ಗುಂಡಿಯೇ ಬೇರೆ ಇದೆ. ಡಯಾಫ್ರಂ ನಿರ್ಧರಿಸುವುದು ಬೆಳಕಿನ ಶಂಕು ಎಷ್ಟು ಅಗಲವಾಗಿರಬೇಕೆಂಬುದನ್ನು: ಅದನ್ನು ತೆರೆದಷ್ಟೂ ಸಣ್ಣ ವಿವರಗಳು ಬಿಡಿಬಿಡಿಯಾಗುತ್ತವೆ, ಆದರೆ ಚಿತ್ರ ತೆಳುವಾಗುತ್ತದೆ, ಮುಚ್ಚಿದಷ್ಟೂ ಅಂಚುಗಳು ಕಪ್ಪಾಗಿ ಎದ್ದು ಕಾಣುತ್ತವೆ, ಆದರೆ ಸಣ್ಣ ವಿವರಗಳು ಒಂದರೊಳಗೊಂದು ಸೇರಿಹೋಗುತ್ತವೆ. ಇವೆರಡರ ನಡುವೆ ಹದ ಕಂಡುಕೊಳ್ಳುವುದು ನೋಡುವವನ ಕೆಲಸ.

ಸ್ಟೇಜಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎರಡು ಕ್ಲಿಪ್ಪುಗಳಿರುವ ಸಾದಾ ಸ್ಟೇಜಿಗಿಂತ, ತಿರುಪುಗಳಿಂದ ಸ್ಲೈಡನ್ನು ಅತ್ತಿತ್ತ ಸರಿಸುವ ಮೆಕ್ಯಾನಿಕಲ್ ಸ್ಟೇಜು ಉತ್ತಮ; ಅದರ ಅಂಚಿನ ಅಳತೆಪಟ್ಟಿಯ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡರೆ ಇಂದು ಕಂಡ ಕೋಶವನ್ನು ನಾಳೆಯೂ ಅದೇ ಜಾಗದಲ್ಲಿ ಹುಡುಕಬಹುದು.

ಸ್ಟೇಜಿನ ಮೇಲೆ, ತಿರುಗುವ ಮೂತಿಯಲ್ಲಿ ಕೂತಿರುವ ಆಬ್ಜೆಕ್ಟಿವ್‌ಗಳೇ, ಅಂದರೆ ವಸ್ತುವಿಗೆ ಹತ್ತಿರದ ಮಸೂರಗಳೇ, ಉಪಕರಣದ ಜೀವಾಳ. ಕೊಳ್ಳುವಾಗಲೂ ಬಳಸುವಾಗಲೂ ಅವುಗಳ ಮೈಮೇಲಿನ ಬರಹವನ್ನು ಓದಿಕೊಳ್ಳಬೇಕು. ‘40/0.65’ ಎಂದಿದ್ದರೆ ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಎರಡನೆಯದು ನ್ಯೂಮರಿಕಲ್ ಅಪರ್ಚರ್, ಅಂದರೆ ಆ ಮಸೂರ ಎಷ್ಟು ಅಗಲವಾದ ಬೆಳಕಿನ ಶಂಕುವನ್ನು ಒಳಗೆ ತೆಗೆದುಕೊಳ್ಳಬಲ್ಲದು ಎಂಬುದರ ಅಳತೆ. ಅದರ ಕೆಳಗೆ ‘160/0.17’ ಎಂದಿದ್ದರೆ, ಕೊಳವೆಯ ಉದ್ದ 160 ಮಿಲಿಮೀಟರ್ ಇರಬೇಕೆಂದೂ ವಸ್ತುವಿನ ಮೇಲೆ ಮುಚ್ಚುವ ತೆಳುಗಾಜಾದ ಕವರ್‌ಸ್ಲಿಪ್ಪಿನ ದಪ್ಪ 0.17 ಮಿಲಿಮೀಟರ್ ಇರಬೇಕೆಂದೂ ಅರ್ಥ. ಮೈಸುತ್ತಲಿನ ಬಣ್ಣದ ಪಟ್ಟಿಯೂ ಗುರುತಿಗಾಗಿಯೇ: ಸಾಮಾನ್ಯವಾಗಿ 4ಕ್ಕೆ ಕೆಂಪು, 10ಕ್ಕೆ ಹಳದಿ, 40ಕ್ಕೆ ತಿಳಿನೀಲಿ, 100ಕ್ಕೆ ಬಿಳಿ. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಹತ್ತಿರದಲ್ಲಿ ಐಪೀಸ್ ಇರುತ್ತದೆ. ಅದು ಸಾಮಾನ್ಯವಾಗಿ 10 ಪಟ್ಟಿನದು. ಒಟ್ಟು ವರ್ಧನ ಎರಡರ ಗುಣಲಬ್ಧ, ಹೀಗಾಗಿ 40ರ ಆಬ್ಜೆಕ್ಟಿವ್ ಜೊತೆಗೆ 400.

ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ‘ಎಷ್ಟು ಪಟ್ಟು?’ ಎಂಬುದು, ಕೇಳಬೇಕಾದದ್ದು ಎಷ್ಟು ಹತ್ತಿರದ ಎರಡು ಚುಕ್ಕೆಗಳನ್ನು ಎರಡಾಗಿಯೇ ತೋರಿಸುತ್ತದೆ ಎಂಬುದು. ಇದಕ್ಕೆ ವಿಭೇದನ ಸಾಮರ್ಥ್ಯ ಎಂದು ಹೆಸರು. ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲಿ ತೋರಿಸಿಕೊಟ್ಟಂತೆ, ಈ ಅಂತರವು ಬೆಳಕಿನ ತರಂಗದೂರವನ್ನು ನ್ಯೂಮರಿಕಲ್ ಅಪರ್ಚರಿನ ಎರಡರಷ್ಟರಿಂದ ಭಾಗಿಸಿದಾಗ ಬರುತ್ತದೆ. ಹಸಿರು ಬೆಳಕಿನ ತರಂಗದೂರ ಸುಮಾರು 0.55 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಆ ಲೆಕ್ಕದಲ್ಲಿ 0.65ರ ಆಬ್ಜೆಕ್ಟಿವ್ ಸುಮಾರು 0.42 ಮೈಕ್ರಾನ್ ಅಂತರವನ್ನೂ, 1.25ರ, ಎಣ್ಣೆಯ ಹನಿಗೆ ತಾಗಿಸಿ ನೋಡುವ ಆಬ್ಜೆಕ್ಟಿವ್ ಸುಮಾರು 0.22 ಮೈಕ್ರಾನ್ ಅಂತರವನ್ನೂ ಬಿಡಿಸಿ ತೋರಿಸಬಲ್ಲವು. ನಮ್ಮ ರಕ್ತದ ಕೆಂಪುಕಣ ಸುಮಾರು 7.5 ಮೈಕ್ರಾನ್ ಅಗಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಈ ಅಂಕಿಗಳಿಗೆ ಒಂದು ಅಂದಾಜು ಸಿಗುತ್ತದೆ.

ಒಟ್ಟು ವರ್ಧನ ನ್ಯೂಮರಿಕಲ್ ಅಪರ್ಚರಿನ 500ರಿಂದ 1000 ಪಟ್ಟಿನೊಳಗೆ ಇದ್ದರೆ ಉಪಯುಕ್ತ. ಅದನ್ನು ಮೀರಿದರೆ, ದಿನಪತ್ರಿಕೆಯ ಚಿತ್ರಕ್ಕೆ ಭೂತಗನ್ನಡಿ ಹಿಡಿದಾಗ ಮುಖದ ಬದಲು ಮಸಿಯ ಚುಕ್ಕೆಗಳು ದೊಡ್ಡದಾಗುವಂತೆ, ಮಸುಕಷ್ಟೇ ದೊಡ್ಡದಾಗುತ್ತದೆ. 25 ಪಟ್ಟಿನ ಐಪೀಸ್ ಸೇರಿಸಿ ‘2500 ಪಟ್ಟು’ ಎಂದು ಮಾರುವ ಉಪಕರಣಗಳು ಈ ಮಸುಕನ್ನೇ ಮಾರುತ್ತವೆ. ಮನೆಗೋ ಶಾಲೆಗೋ ಕೊಳ್ಳುವವರಿಗೆ 4, 10, 40ರ ಗಾಜಿನ ಆಬ್ಜೆಕ್ಟಿವ್‌ಗಳು, ಮೇಲೆ ಕೆಳಗೆ ಸರಿಯುವ ಕಂಡೆನ್ಸರ್, ಐರಿಸ್ ಡಯಾಫ್ರಂ ಮತ್ತು ಮೆಕ್ಯಾನಿಕಲ್ ಸ್ಟೇಜ್ ಇರುವ ಸಾಧಾರಣ ಉಪಕರಣ ಸಾಕು ಎಂಬುದು ನನ್ನ ಅಭಿಪ್ರಾಯ. ಕಂಡೆನ್ಸರ್ ಇಲ್ಲದೆ 100ರ ಆಬ್ಜೆಕ್ಟಿವ್ ಕೊಡುವ ಉಪಕರಣವನ್ನು ಮುಟ್ಟಲೇಬಾರದು.

ಬೆಳಕನ್ನು ಹೊಂದಿಸುವುದು

ಉಪಕರಣವನ್ನು ಎತ್ತುವಾಗ ಒಂದು ಕೈ ಅದರ ತೋಳಿನ ಮೇಲೆ, ಇನ್ನೊಂದು ಕೈ ಪೀಠದ ಕೆಳಗೆ ಇರಲಿ. ಓರೆಯಾಗಿ ಹಿಡಿದರೆ ಐಪೀಸ್ ಜಾರಿ ನೆಲಕ್ಕೆ ಬೀಳುತ್ತದೆ. ಅಲುಗಾಡದ ಮೇಜಿನ ಮೇಲಿಟ್ಟು, ಬೆನ್ನು ಬಾಗದಷ್ಟು ಎತ್ತರಕ್ಕೆ ಸ್ಟೂಲನ್ನು ಹೊಂದಿಸಿಕೊಳ್ಳಿ.

ಎರಡು ಐಪೀಸ್‌ಗಳಿರುವ ಉಪಕರಣವಾದರೆ, ಎರಡು ವೃತ್ತಗಳು ಒಂದಾಗಿ ಕಾಣುವವರೆಗೆ ಅವುಗಳ ನಡುವಿನ ಅಂತರವನ್ನು ಸರಿಪಡಿಸಿಕೊಳ್ಳಬೇಕು. ಆಮೇಲೆ ಬಲಗಣ್ಣಿನಿಂದ ಮಾತ್ರ ನೋಡುತ್ತ, ಫೋಕಸನ್ನು ತುಸುತುಸುವೇ ಬದಲಿಸುವ ಸಣ್ಣ ತಿರುಪಿನಿಂದ ಚಿತ್ರವನ್ನು ಸ್ಪಷ್ಟಗೊಳಿಸಿ, ಅನಂತರ ಎಡಗಣ್ಣಿನಿಂದ ಮಾತ್ರ ನೋಡುತ್ತ ಎಡ ಐಪೀಸಿನ ಬಳೆಯನ್ನು ತಿರುಗಿಸಿ ಅದೇ ಸ್ಪಷ್ಟತೆಯನ್ನು ತರಬೇಕು. ಈ ಒಂದು ನಿಮಿಷದ ಕೆಲಸ ಮಾಡದವರು ಅರ್ಧ ಗಂಟೆಯಲ್ಲಿ ತಲೆನೋವೆಂದು ಎದ್ದುಹೋಗುತ್ತಾರೆ. ಒಂದೇ ಐಪೀಸ್ ಇದ್ದರೆ ಇನ್ನೊಂದು ಕಣ್ಣನ್ನು ಮುಚ್ಚದೆ ತೆರೆದೇ ಇಟ್ಟು ನೋಡುವುದನ್ನು ರೂಢಿಸಿಕೊಳ್ಳಬೇಕು. ಮೊದಲೆರಡು ದಿನ ಮೇಜೂ ಕಾಣುತ್ತದೆ, ಆಮೇಲೆ ಮೆದುಳು ಅದನ್ನು ತಾನೇ ಬಿಟ್ಟುಬಿಡುತ್ತದೆ.

ಇನ್ನು ಬೆಳಕು. ಜರ್ಮನಿಯ ಆಗಸ್ಟ್ ಕೋಲರ್ ಎಂಬಾತ 1893ರಲ್ಲಿ ಪ್ರಕಟಿಸಿದ ಕ್ರಮವನ್ನೇ ಇಂದಿಗೂ ಅನುಸರಿಸುತ್ತಾರೆ. 10ರ ಆಬ್ಜೆಕ್ಟಿವ್‌ನಲ್ಲಿ ಯಾವುದಾದರೂ ಸ್ಲೈಡನ್ನು ಸ್ಪಷ್ಟಗೊಳಿಸಿ. ಪೀಠದಲ್ಲಿ, ದೀಪದ ಬಾಯಿಯ ಬಳಿ ಇನ್ನೊಂದು ಡಯಾಫ್ರಂ ಇದ್ದರೆ ಅದನ್ನು ಪೂರ್ತಿ ಕಿರಿದು ಮಾಡಿ. ನಡುವೆ ಒಂದು ಸಣ್ಣ ಬೆಳಕಿನ ಬಿಲ್ಲೆ ಕಾಣುತ್ತದೆ. ಅದರ ಅಂಚು ಚೂಪಾಗುವವರೆಗೆ ಕಂಡೆನ್ಸರನ್ನು ಮೇಲೆ ಕೆಳಗೆ ಸರಿಸಿ, ಬದಿಯ ಎರಡು ತಿರುಪುಗಳಿಂದ ಬಿಲ್ಲೆಯನ್ನು ನಟ್ಟನಡುವೆ ತಂದು, ಅದು ನೋಟದ ವೃತ್ತವನ್ನು ತುಸುವೇ ದಾಟುವಷ್ಟು ತೆರೆಯಿರಿ. ಬಳಿಕ ಐಪೀಸನ್ನು ಹೊರತೆಗೆದು ಕೊಳವೆಯೊಳಗೆ ಬರಿಗಣ್ಣಿನಿಂದ ನೋಡಿದರೆ ಆಬ್ಜೆಕ್ಟಿವ್‌ನ ಹಿಂಭಾಗ ಬೆಳಗಿದ ವೃತ್ತದಂತೆ ಕಾಣುತ್ತದೆ; ಕಂಡೆನ್ಸರಿನ ಡಯಾಫ್ರಮನ್ನು ಆ ವೃತ್ತದ ಅಗಲದ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಈ ಕೊನೆಯ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಪೀಠದಲ್ಲಿ ಡಯಾಫ್ರಂ ಇಲ್ಲದ ವಿದ್ಯಾರ್ಥಿ ಉಪಕರಣಗಳಿಗೂ ಒಂದು ಉಪಾಯವಿದೆ. ದೀಪದ ಗಾಜಿನ ಮೇಲೆ ಪೆನ್ಸಿಲ್ಲಿನ ಮೊನೆಯನ್ನು ಹಿಡಿದು, ಆ ಮೊನೆ ಸ್ಲೈಡಿನ ಚಿತ್ರದ ಜೊತೆಗೇ ಸ್ಪಷ್ಟವಾಗಿ ಕಾಣುವ ಎತ್ತರಕ್ಕೆ ಕಂಡೆನ್ಸರನ್ನು ತನ್ನಿ. ಹೆಚ್ಚಿನ ಉಪಕರಣಗಳಲ್ಲಿ ಈ ಸ್ಥಾನ ಕಂಡೆನ್ಸರಿನ ಮೇಲಿನ ಮಿತಿಗೆ ತೀರ ಹತ್ತಿರದಲ್ಲಿರುತ್ತದೆ. ಬೆಳಕು ಕಣ್ಣು ಕುಕ್ಕುತ್ತದೆಂದು ಕಂಡೆನ್ಸರನ್ನೇ ಕೆಳಗಿಳಿಸಿ ಕೂರುವುದು ನಮ್ಮ ಪ್ರಯೋಗಾಲಯಗಳಲ್ಲಿ ಬೇರೂರಿದ ಅಭ್ಯಾಸ, ಅದನ್ನು ಬಿಡಬೇಕು.

ಸ್ಲೈಡ್ ಮತ್ತು ಫೋಕಸ್

ಹುಬ್ಬಳ್ಳಿಯ ಮಾರುಕಟ್ಟೆಗೆ ಸುತ್ತಲಿನ ಊರುಗಳಿಂದ ಬರುವ ಉಳ್ಳಾಗಡ್ಡಿಗಿಂತ ಒಳ್ಳೆಯ ಮೊದಲ ಪಾಠ ಇನ್ನೊಂದಿಲ್ಲ. ಗಡ್ಡೆಯನ್ನು ನಾಲ್ಕಾಗಿ ಹೆಚ್ಚಿ, ಒಂದು ತಿರುಳಿನ ಪದರವನ್ನು ಬಿಡಿಸಿ, ಅದರ ಒಳಮೈಯ ಪಾರದರ್ಶಕ ಪೊರೆಯನ್ನು ಚಿಮುಟದಿಂದ ಎಳೆದು ತೆಗೆಯಿರಿ. ಹೊರಗಿನ ಒಣ ಸಿಪ್ಪೆ ಇದಕ್ಕೆ ಬಾರದು. ಸ್ಲೈಡಿನ ಮೇಲೆ ಒಂದು ಹನಿ ನೀರಿಟ್ಟು, ಅದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ತುಂಡನ್ನು ಸುಕ್ಕಿಲ್ಲದೆ ಹರಡಿ, ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ ಉಳಿದುದನ್ನು ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿ. ಒಮ್ಮೆಲೇ ಹಾಕಿದರೆ ಗಾಳಿಗುಳ್ಳೆಗಳು ಸಿಕ್ಕಿಬೀಳುತ್ತವೆ. ದಪ್ಪ ಕಪ್ಪು ಅಂಚಿನ ದುಂಡನೆಯ ಈ ಗುಳ್ಳೆಗಳನ್ನೇ ಕೋಶಗಳೆಂದು ಬಣ್ಣ ಹಚ್ಚಿ ಬರೆದುಕೊಂಡು ಬಂದ ಜರ್ನಲ್ಲುಗಳಿಗೆ ನಾನು ಸಹಿ ಹಾಕದೆ ಮರಳಿಸಿದ್ದು ಅದೆಷ್ಟೋ. ಕೋಶಕೇಂದ್ರ ಕಾಣಬೇಕಾದರೆ ಬಣ್ಣ ಬೇಕು: ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ತಿಳಿಯಾದ ಅಯೋಡಿನ್ ದ್ರಾವಣದ ಹನಿಯನ್ನಿಟ್ಟು, ಎದುರು ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಹೀರಿಕೊಂಡರೆ ಬಣ್ಣ ತಾನಾಗಿಯೇ ಒಳಗೆ ಹರಿಯುತ್ತದೆ.

ಸ್ಲೈಡನ್ನು ಸ್ಟೇಜಿನ ಮೇಲಿಟ್ಟ ಬಳಿಕ ಆರಂಭ ಯಾವಾಗಲೂ 4ರ ಆಬ್ಜೆಕ್ಟಿವ್‌ನಿಂದಲೇ ಆಗಬೇಕು. ಐಪೀಸಿನಲ್ಲಿ ನೋಡದೆ, ಪಕ್ಕದಿಂದ ಕಣ್ಣಿಟ್ಟು ನೋಡುತ್ತ ಫೋಕಸಿನ ದೊಡ್ಡ ತಿರುಪಿನಿಂದ ಸ್ಲೈಡನ್ನೂ ಆಬ್ಜೆಕ್ಟಿವ್ ಅನ್ನೂ ಹತ್ತಿರ ತನ್ನಿ. ಆಮೇಲೆ ಐಪೀಸಿನಲ್ಲಿ ನೋಡುತ್ತ ಅವುಗಳನ್ನು ದೂರ ಸರಿಸುತ್ತ ಫೋಕಸ್ ಹುಡುಕಿ. ಹತ್ತಿರ ತರುವಾಗ ಪಕ್ಕದಿಂದ, ದೂರ ಸರಿಸುವಾಗ ಮೇಲಿನಿಂದ: ಈ ಕ್ರಮವನ್ನು ತಪ್ಪದವನ ಕೈಯಲ್ಲಿ ಸ್ಲೈಡ್ ಒಡೆಯುವುದಿಲ್ಲ. ಚಿತ್ರ ತಲೆಕೆಳಗಾಗಿಯೂ ಎಡಬಲ ಅದಲುಬದಲಾಗಿಯೂ ಕಾಣುತ್ತದೆ. ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತದೆ. ನೋಡಬೇಕಾದ ಜಾಗವನ್ನು ನಡುವಿಗೆ ತಂದು 10ಕ್ಕೆ, ಅಲ್ಲಿ ಮತ್ತೆ ನಡುವಿಗೆ ತಂದು 40ಕ್ಕೆ ಹೋಗಬೇಕು. 40ರಲ್ಲಿ ದೊಡ್ಡ ತಿರುಪನ್ನು ಮುಟ್ಟಬಾರದು. ಆ ಮಸೂರದ ಮೂತಿಗೂ ಕವರ್‌ಸ್ಲಿಪ್ಪಿಗೂ ನಡುವೆ ಇರುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಜಾಗ. ಒಂದೇ ಸುತ್ತಿಗೆ ಗಾಜು ಗಾಜಿಗೆ ತಾಗುತ್ತದೆ. ಸಣ್ಣ ತಿರುಪನ್ನು ಮಾತ್ರ, ಅದೂ ನಿರಂತರವಾಗಿ ಅತ್ತಿತ್ತ ಆಡಿಸುತ್ತ ಇರಬೇಕು, ಏಕೆಂದರೆ 40ರಲ್ಲಿ ಕೋಶದ ಒಂದು ಪದರ ಮಾತ್ರ ಒಮ್ಮೆಗೆ ಸ್ಪಷ್ಟವಾಗುತ್ತದೆ. ಕೋಶದ ಆಳ ತಿಳಿಯುವುದು ಬೆರಳಿನ ಈ ಆಟದಿಂದಲೇ.

ಒಂದು ವಿಚಿತ್ರ ತೊಂದರೆಯನ್ನು ಇಲ್ಲಿ ಹೇಳಬೇಕು. ಒಮ್ಮೆ 4 ಮತ್ತು 10ರಲ್ಲಿ ಚೆನ್ನಾಗಿ ಕಂಡ ಸ್ಲೈಡ್ 40ರಲ್ಲಿ ಏನು ಮಾಡಿದರೂ ಸ್ಪಷ್ಟವಾಗಲಿಲ್ಲ. ಉಪಕರಣ ಕೆಟ್ಟಿದೆಯೆಂದು ಅದನ್ನು ರಿಪೇರಿಗೆ ಕಳಿಸುವ ಪತ್ರವೂ ಸಿದ್ಧವಾಗಿತ್ತು. ಸ್ಲೈಡ್ ತಲೆಕೆಳಗಾಗಿತ್ತು, ಅಷ್ಟೇ. ಸ್ಲೈಡಿನ ಗಾಜು ಸುಮಾರು 1 ಮಿಲಿಮೀಟರ್ ದಪ್ಪ. ಅದನ್ನು ದಾಟಿ ಆಚೆ ನೋಡುವಷ್ಟು ದೂರ 40ರ ಮಸೂರಕ್ಕೆ ಇರುವುದಿಲ್ಲ.

ಕಂಡದ್ದನ್ನು ಅಳೆಯಲು ಐಪೀಸಿನ ಮೇಲಿನ ಇನ್ನೊಂದು ಅಂಕಿ ನೆರವಾಗುತ್ತದೆ. ‘10/18’ ಎಂದಿದ್ದರೆ, 18ನ್ನು ಆಬ್ಜೆಕ್ಟಿವ್‌ನ ವರ್ಧನದಿಂದ ಭಾಗಿಸಿದಾಗ ನೋಟದ ವೃತ್ತದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ: 4ರಲ್ಲಿ 4.5, 10ರಲ್ಲಿ 1.8, 40ರಲ್ಲಿ 0.45. 10ರ ಆಬ್ಜೆಕ್ಟಿವ್‌ನಲ್ಲಿ ವೃತ್ತದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಆರು ಕೋಶಗಳು ಉದ್ದುದ್ದಕ್ಕೆ ಹಿಡಿದರೆ ಒಂದೊಂದರ ಉದ್ದ 0.3 ಮಿಲಿಮೀಟರ್. ಇದಕ್ಕಿಂತ ನಿಖರತೆ ಬೇಕಾದವರು ಐಪೀಸಿನೊಳಗೆ ಅಳತೆಪಟ್ಟಿಯ ಗಾಜನ್ನು ಕೂರಿಸಿ, 1 ಮಿಲಿಮೀಟರನ್ನು ನೂರು ಭಾಗ ಮಾಡಿರುವ ಸ್ಟೇಜ್ ಮೈಕ್ರೊಮೀಟರಿನೊಂದಿಗೆ ಪ್ರತಿ ಆಬ್ಜೆಕ್ಟಿವ್‌ಗೂ ಬೇರೆಬೇರೆಯಾಗಿ ತಾಳೆ ನೋಡಿಕೊಳ್ಳಬೇಕು.

ಎಣ್ಣೆಯ ಆಬ್ಜೆಕ್ಟಿವ್

100ರ ಆಬ್ಜೆಕ್ಟಿವ್ ಗಾಳಿಯಲ್ಲಿ ಕೆಲಸ ಮಾಡುವುದಿಲ್ಲ. ಗಾಜಿನಿಂದ ಗಾಳಿಗೆ ಬರುವಾಗ ಓರೆಯಾದ ಕಿರಣಗಳು ಬಾಗಿ ಮಸೂರದಿಂದ ತಪ್ಪಿಸಿಕೊಳ್ಳುತ್ತವೆ; ಬೆಳಕನ್ನು ಗಾಜಿನಷ್ಟೇ ಬಾಗಿಸುವ, ಅಂದರೆ ಗಾಜಿನದೇ ವಕ್ರೀಭವನಾಂಕವುಳ್ಳ (ಸುಮಾರು 1.515) ಎಣ್ಣೆ ನಡುವೆ ತುಂಬಿದರೆ ಅವು ನೇರವಾಗಿ ಒಳಗೆ ಸಾಗುತ್ತವೆ. ಕೊಬ್ಬರಿ ಎಣ್ಣೆಯಿಂದ ನಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯುವುದಿಲ್ಲ: ಅದರ ಅಂಕ 1.45ರ ಸಮೀಪ, ಮೇಲಾಗಿ ಚಳಿಗಾಲದಲ್ಲಿ ಮಸೂರದ ಮೇಲೆಯೇ ಹೆಪ್ಪುಗಟ್ಟುತ್ತದೆ.

40ರಲ್ಲಿ ಸ್ಪಷ್ಟಗೊಳಿಸಿ, ಆಬ್ಜೆಕ್ಟಿವ್‌ಗಳನ್ನು ಹೊತ್ತ ಮೂತಿಯನ್ನು ಅರ್ಧ ತಿರುಗಿಸಿ, ಬೆಳಕು ಬೀಳುವ ಜಾಗದಲ್ಲಿ ಒಂದೇ ಒಂದು ಹನಿ ಎಣ್ಣೆಯನ್ನಿಟ್ಟು 100ನ್ನು ಅದರೊಳಗೆ ಇಳಿಸಿ. ಡಯಾಫ್ರಮನ್ನು ತೆರೆದು ಬೆಳಕನ್ನು ಹೆಚ್ಚಿಸಿ. ಆಮೇಲೆ ಮರೆತೂ 40ಕ್ಕೆ ಹಿಂದಿರುಗಬಾರದು, ಅದರ ಮೂತಿ ಎಣ್ಣೆಯಲ್ಲಿ ಅದ್ದುತ್ತದೆ. ಇನ್ನೊಂದು ಬದಿಗೆ ತಿರುಗಿಸಿ 4ಕ್ಕೆ ಹೋಗಬೇಕು. ಮಸುಕಾದ 40ರ ಆಬ್ಜೆಕ್ಟಿವ್‌ಗಳಲ್ಲಿ ಬಹುಪಾಲಿನ ರೋಗ ಈ ಒಣಗಿದ ಎಣ್ಣೆಯೇ. ಕೆಲಸ ಮುಗಿದ ದಿನವೇ ಲೆನ್ಸ್ ಪೇಪರಿನಿಂದ ಎಣ್ಣೆಯನ್ನು ಒತ್ತಿ ತೆಗೆದು, ಮಸೂರ ಶುಚಿಗೊಳಿಸುವ ದ್ರವವನ್ನು ಕಾಗದಕ್ಕೆ ಸೋಂಕಿಸಿ ಒರೆಸಿ. ಝೈಲೀನ್ ಎಂಬ ದ್ರಾವಕವನ್ನು ಹನಿಹನಿಯಾಗಿ ಸುರಿಯುವ ಹಳೆಯ ಪದ್ಧತಿಯಿಂದ ಮಸೂರಗಳನ್ನು ಹಿಡಿದಿರುವ ಅಂಟು ಕರಗಬಹುದು.

ಏನನ್ನು ನೋಡಬೇಕು, ಯಾವುದರಲ್ಲಿ

ಎಲ್ಲವನ್ನೂ ಒಂದೇ ಸೂಕ್ಷ್ಮದರ್ಶಕದಲ್ಲಿ ನೋಡಲಾಗದು. ಮೇಲೆ ವಿವರಿಸಿದ್ದು, ಆಬ್ಜೆಕ್ಟಿವ್ ಮತ್ತು ಐಪೀಸ್ ಎರಡೂ ಸೇರಿ ಹಿಗ್ಗಿಸುವ ಸಂಯುಕ್ತ ಸೂಕ್ಷ್ಮದರ್ಶಕ. ಬೆಳಕು ತೂರಿಹೋಗುವಷ್ಟು ತೆಳುವಾದ ವಸ್ತುಗಳಿಗೆ ಅದು. 17ನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಒಂದೇ ಮಸೂರದ ಸರಳ ಸೂಕ್ಷ್ಮದರ್ಶಕದಿಂದ ಬ್ಯಾಕ್ಟೀರಿಯಾಗಳನ್ನು ಕಂಡ. ಉಳಿದುಬಂದಿರುವ ಅವನ ಉಪಕರಣಗಳಲ್ಲಿ ಉತ್ತಮವಾದದ್ದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಅದೇ ತತ್ತ್ವದ, ಕಾಗದವನ್ನು ಮಡಿಚಿ ಮಾಡುವ ಫೋಲ್ಡ್‌ಸ್ಕೋಪನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಕೆರೆಯ ದಂಡೆಗೆ ಜೇಬಿನಲ್ಲಿಟ್ಟುಕೊಂಡು ಹೋಗಲು ಅದಕ್ಕಿಂತ ಅನುಕೂಲವಾದದ್ದು ನನಗೆ ಗೊತ್ತಿಲ್ಲ.

ಹೊಲದಿಂದ ತಂದ ಮೆಣಸಿನ ಎಲೆಯ ನುಸಿ, ಹತ್ತಿಯ ಕಾಯಿಕೊರಕದ ಮರಿ, ಬೀಜದ ಮೇಲ್ಮೈ ಮುಂತಾದ ದಪ್ಪ ವಸ್ತುಗಳಿಗೆ ಸ್ಟೀರಿಯೊ ಸೂಕ್ಷ್ಮದರ್ಶಕವೇ ಸರಿ. ಅದರಲ್ಲಿ ಎರಡು ಕಣ್ಣಿಗೂ ಎರಡು ಪ್ರತ್ಯೇಕ ಬೆಳಕಿನ ದಾರಿಗಳಿರುವುದರಿಂದ ಆಳ ಕಾಣುತ್ತದೆ, ಚಿತ್ರವೂ ನೆಟ್ಟಗಿರುತ್ತದೆ. 10ರಿಂದ 40 ಪಟ್ಟು ಇದ್ದರೆ ಯಥೇಷ್ಟ. ರೈತರ ಮಕ್ಕಳೇ ಹೆಚ್ಚಾಗಿರುವ ನಮ್ಮ ಶಾಲೆಗಳಿಗೆ ಎರಡನೆಯ ಸಂಯುಕ್ತ ಸೂಕ್ಷ್ಮದರ್ಶಕಕ್ಕಿಂತ ಮೊದಲನೆಯ ಸ್ಟೀರಿಯೊ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂಯುಕ್ತದಲ್ಲಿ ನೋಡಲು ವಸ್ತುಗಳಿಗೇನೂ ಕೊರತೆಯಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವಾಗುವ ಖಾದಿಯಂಥದೇ ಬಟ್ಟೆಯಿಂದ ಒಂದು ಎಳೆಯನ್ನು ಬಿಡಿಸಿ ನೀರಿನಲ್ಲಿಟ್ಟು 100 ಪಟ್ಟಿನಲ್ಲಿ ನೋಡಿ: ಹತ್ತಿಯ ನಾರು ಅಲ್ಲಲ್ಲಿ ತಿರುಚಿಕೊಂಡ ಚಪ್ಪಟೆ ರಿಬ್ಬನ್ನಿನಂತಿರುತ್ತದೆ, ಪಾಲಿಯೆಸ್ಟರ್ ನಾರು ಉದ್ದಕ್ಕೂ ಒಂದೇ ದಪ್ಪದ ನುಣುಪಾದ ಗಾಜಿನ ಕಡ್ಡಿಯಂತೆ. ಜೋಳದ ಹಿಟ್ಟನ್ನೂ ಗೋಧಿ ಹಿಟ್ಟನ್ನೂ ಚಿಟಿಕೆಯಷ್ಟು ನೀರಿನಲ್ಲಿ ಕಲಸಿ 400 ಪಟ್ಟಿನಲ್ಲಿ ನೋಡಿದರೆ, ಜೋಳದ ಪಿಷ್ಟಕಣಗಳಲ್ಲಿ ಹಲವು ಒಂದಕ್ಕೊಂದು ಒತ್ತಿಕೊಂಡು ಬೆಳೆದುದರಿಂದ ಮೂಲೆಮೂಲೆಯಾಗಿಯೂ, ಗೋಧಿಯವು ದೊಡ್ಡ ಬಿಲ್ಲೆ ಮತ್ತು ತೀರ ಸಣ್ಣ ಗುಂಡು ಎಂಬ ಎರಡು ಗಾತ್ರಗಳಲ್ಲಿಯೂ ಕಾಣುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಪುಡಿಯಲ್ಲಿ ಕಿತ್ತಳೆಗೆಂಪು ಎಣ್ಣೆಯ ಹನಿಗಳೂ, ಬೀಜದ ಸಿಪ್ಪೆಯ ಕರುಳಿನಂತೆ ಸುತ್ತಿಕೊಂಡ ದಪ್ಪಗೋಡೆಯ ಕೋಶಗಳೂ ಇರುತ್ತವೆ. ಅಯೋಡಿನ್ ಹಾಕಿದಾಗ ನೀಲಿಗಪ್ಪು ಕಣಗಳು ರಾಶಿರಾಶಿಯಾಗಿ ಎದ್ದರೆ ಯಾರೋ ಹಿಟ್ಟು ಬೆರೆಸಿದ್ದಾರೆ.

ಕೆಲಗೇರಿ ಅಥವಾ ಉಣಕಲ್ ಕೆರೆಯ ನೀರಿಗೆ ಜೋಳದ ಕಣಿಕೆಯ ಚೂರುಗಳನ್ನು ಹಾಕಿ ನಾಲ್ಕೈದು ದಿನ ಬಿಟ್ಟರೆ ಏಕಕೋಶ ಜೀವಿಗಳು ತುಂಬಿಕೊಳ್ಳುತ್ತವೆ. ಬಣ್ಣ ಹಾಕಿದರೆ ಇವು ಸಾಯುತ್ತವೆ, ಹಾಕದಿದ್ದರೆ ಕಾಣುವುದಿಲ್ಲ. ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರವೇ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ. ಅದಕ್ಕಾಗಿ ಫ್ರಿಟ್ಸ್ ಜೆರ್ನಿಕೆಗೆ 1953ರ ನೊಬೆಲ್ ಬಂತು. ಅದು ದುಬಾರಿ. ಆದರೆ ಕಂಡೆನ್ಸರಿನ ಕೆಳಗಿನ ಫಿಲ್ಟರ್ ಬಳೆಯಲ್ಲಿ, ನಟ್ಟನಡುವೆ ಕಪ್ಪು ಕಾಗದದ ಬಿಲ್ಲೆಯನ್ನು ಅಂಟಿಸಿದ ಪಾರದರ್ಶಕ ಹಾಳೆಯನ್ನಿಟ್ಟು, ಡಯಾಫ್ರಂ ಪೂರ್ತಿ ತೆರೆದು 10ರ ಆಬ್ಜೆಕ್ಟಿವ್‌ನಲ್ಲಿ ನೋಡಿದರೆ, ಕತ್ತಲ ಹಿನ್ನೆಲೆಯಲ್ಲಿ ಜೀವಿಗಳು ಬೆಳ್ಳಗೆ ಹೊಳೆಯುತ್ತ ಈಜುತ್ತವೆ. ಬಿಲ್ಲೆಯ ಅಗಲವನ್ನು ಎರಡು ಮೂರು ಸಲ ಕತ್ತರಿಸಿ ನೋಡಿ ಹೊಂದಿಸಬೇಕಾದೀತು.

ಭೂವಿಜ್ಞಾನಿಗಳದು ಧ್ರುವೀಕರಣ ಸೂಕ್ಷ್ಮದರ್ಶಕ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಊರಿನ ಹೆಸರನ್ನೇ ಇಟ್ಟ ಧಾರವಾಡ ಶಿಲಾವರ್ಗದ ಕಲ್ಲು ಗದಗಿನ ಕಪ್ಪತಗುಡ್ಡದಲ್ಲಿಯೂ ಇದೆ. ಅಂಥ ಕಲ್ಲನ್ನು 0.03 ಮಿಲಿಮೀಟರಿಗೆ ಉಜ್ಜಿ ತೆಳುವಾಗಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ, ಅಡ್ಡಡ್ಡವಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ನೋಡಿದಾಗ ಒಂದೊಂದು ಖನಿಜ ಒಂದೊಂದು ಬಣ್ಣ ತಳೆಯುತ್ತದೆ. ಆ ದಪ್ಪದಲ್ಲಿ ಕ್ವಾರ್ಟ್ಸ್ ಬೂದು ಬಿಳಿಯಾಗಿರುತ್ತದೆ. ಎರಡು ತುಂಡು ಪೋಲರಾಯ್ಡ್ ಹಾಳೆ ಸಿಕ್ಕರೆ ಆಲೂಗಡ್ಡೆಯ ಪಿಷ್ಟಕಣಗಳ ಮೇಲೆ ಮೂಡುವ ಕಪ್ಪು ಶಿಲುಬೆಯನ್ನು ಮನೆಯಲ್ಲಿಯೇ ನೋಡಬಹುದು.

ಆಸ್ಪತ್ರೆಗಳಲ್ಲಿ ಕ್ಷಯದ ಕಫಪರೀಕ್ಷೆಗೆ ಬಳಸುವ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಬಣ್ಣ ಹೀರಿದ ರೋಗಾಣುಗಳೇ ಬೆಳಗುತ್ತವೆ. ಬೆಳಕಿನ ಮಿತಿಯನ್ನೇ ದಾಟಬೇಕಾದಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: 1931ರಲ್ಲಿ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನಾಲ್ ಮೊದಲ ಮಾದರಿಯನ್ನು ಕಟ್ಟಿದರು, ರುಸ್ಕನಿಗೆ ನೊಬೆಲ್ ಬಂದದ್ದು 1986ರಲ್ಲಿ. ಅದರಲ್ಲಿ ವಸ್ತುವನ್ನು ಸಾಮಾನ್ಯವಾಗಿ ನಿರ್ವಾತದಲ್ಲಿಡಬೇಕಾದುದರಿಂದ ಜೀವಂತ ಕೋಶವನ್ನು ನೋಡುವಂತಿಲ್ಲ. ಅದನ್ನು ನಡೆಸುವ ಕ್ರಮ ಈ ಬರಹದ ವ್ಯಾಪ್ತಿಗೆ ಮೀರಿದ್ದು.

ಧೂಳು ಮತ್ತು ಮಳೆಗಾಲ

ನೋಟದಲ್ಲಿ ಕಲೆಯೊಂದು ಕಂಡರೆ ಒರೆಸುವ ಮೊದಲು ಅದು ಎಲ್ಲಿದೆಯೆಂದು ಪತ್ತೆಹಚ್ಚಬೇಕು. ಐಪೀಸನ್ನು ತಿರುಗಿಸಿದಾಗ ಕಲೆಯೂ ತಿರುಗಿದರೆ ಅದು ಐಪೀಸಿನದು. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನದು. ಕಂಡೆನ್ಸರ್ ಇಳಿಸಿದಾಗ ಮಸುಕಾದರೆ ಅದರದು ಇಲ್ಲವೇ ದೀಪದ ಗಾಜಿನದು. ಕಲೆಯಿಲ್ಲದೆ ಇಡೀ ಚಿತ್ರ ಮಸುಕಾಗಿದ್ದು, ಆಬ್ಜೆಕ್ಟಿವ್ ಬದಲಿಸಿದೊಡನೆ ತಿಳಿಯಾದರೆ ಕೊಳೆ ಆಬ್ಜೆಕ್ಟಿವ್‌ನ ಮೂತಿಯಲ್ಲಿದೆ. ಧೂಳನ್ನು ಮೊದಲು ರಬ್ಬರ್ ಬಲ್ಬಿನಿಂದ ಊದಿ ತೆಗೆದು ಆಮೇಲೆಯೇ ಲೆನ್ಸ್ ಪೇಪರ್ ಮುಟ್ಟಿಸಬೇಕು. ಅಂಗಿಯ ಚುಂಗಿನಿಂದ ಉಜ್ಜಿದರೆ ಆ ಧೂಳೇ ಮರಳುಕಾಗದವಾಗುತ್ತದೆ.

ಧಾರವಾಡದಲ್ಲಿ ಧೂಳಿಗಿಂತ ದೊಡ್ಡ ವೈರಿ ಜಿಟಿಜಿಟಿ ಮಳೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಚ್ಚಿದ ಕಪಾಟಿನೊಳಗಿನ ತೇವದಲ್ಲಿ ಮಸೂರಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಐಪೀಸನ್ನು ತೆಗೆದು ಬೆಳಕಿಗೆ ಹಿಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಹೆಚ್ಚು ದಿನ ಬಿಟ್ಟರೆ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಆಗ ಎಷ್ಟು ಒರೆಸಿದರೂ ಗುರುತು ಹೋಗದು. ಹೊರಮೈಯ ಬೂಷ್ಟನ್ನು ಶುಚಿಗೊಳಿಸುವ ದ್ರವದಿಂದ ತೆಗೆಯಬಹುದು; ಆಬ್ಜೆಕ್ಟಿವ್‌ನ ಒಳಗೆ ಹೊಕ್ಕಿದ್ದರೆ ಬಿಚ್ಚಬೇಡಿ, ಮಸೂರಗಳ ನಡುವಿನ ಅಂತರವನ್ನು ಮರಳಿ ಕೂರಿಸುವುದು ಕೈಯಲ್ಲಾಗುವ ಕೆಲಸವಲ್ಲ. ಉಪಕರಣದ ಮೇಲೆ ಬಟ್ಟೆಯ ಮುಸುಕು ಸದಾ ಇರಲಿ. ಪ್ಲಾಸ್ಟಿಕ್ ಚೀಲ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಆಬ್ಜೆಕ್ಟಿವ್‌ಗಳನ್ನೂ ಐಪೀಸ್‌ಗಳನ್ನೂ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಕೊಳವೆಯ ಬಾಯಿಗಳನ್ನು ಮುಚ್ಚಳದಿಂದ ಮುಚ್ಚಿಡುವುದು ಖರ್ಚಿಲ್ಲದ ದಾರಿ. ನೀಲಿ ಬಣ್ಣದ ಜೆಲ್ ಗುಲಾಬಿಗೆ ತಿರುಗಿದರೆ ತೇವ ತುಂಬಿದೆಯೆಂದು ಅರ್ಥ. ಪ್ರಯೋಗಾಲಯದ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ, ಮತ್ತೆ ನೀಲಿಯಾದ ಮೇಲೆ ಆರಲು ಬಿಟ್ಟು ಡಬ್ಬಿಗೆ ಹಾಕಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಆದ್ದರಿಂದ ಅದನ್ನು ಅಡುಗೆಮನೆಯ ಬಾಣಲೆಯಲ್ಲಿ ಹುರಿಯಬಾರದು.